ಶಾಲೆ ಲ್ಯಾಬಿನ ಕ್ರೋಮ್ 109ರಲ್ಲಿ ನನ್ನ ಪೇಜು ಖಾಲಿ: ಹಳೇ ಬ್ರೌಸರ್‌ಗಳನ್ನು ಎಲ್ಲಿವರೆಗೆ ನೋಡಿಕೊಳ್ಳಬೇಕು?

ಕಾಫಿತೋಟ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಎಸ್ಸೆಸ್ಸೆಲ್ಸಿ ಹಳೇ ಪ್ರಶ್ನೆಪತ್ರಿಕೆಗಳನ್ನು ವಿಷಯವಾರು ಜೋಡಿಸಿಡುವ ಒಂದು ಚಿಕ್ಕ ವೆಬ್‌ಸೈಟನ್ನು ಬಿಡುವಿನಲ್ಲಿ ನಡೆಸುತ್ತಿದ್ದೇನೆ. ದುಡ್ಡಿಗಲ್ಲ. ನಮ್ಮೂರಿನ ಮಕ್ಕಳಿಗೆ ಅಂತ ಶುರು ಮಾಡಿದ್ದು, ಈಗ ಅಕ್ಕಪಕ್ಕದ ತಾಲ್ಲೂಕಿನ ಮೇಷ್ಟ್ರುಗಳೂ ಬಳಸುತ್ತಾರೆ. ಹೋದ ತಿಂಗಳು ಪೂರ್ತಿ ಹೊಸದಾಗಿ ಬರೆದೆ. ಪೇಜಿನ ಅಂದಕ್ಕೆ ಸಿದ್ಧ ಸ್ಟೈಲುಗಳನ್ನು ಕೊಡುವ ಟೈಲ್‌ವಿಂಡ್ 4 ಹಾಕಿದೆ. ನನ್ನ ಸ್ವಂತ ಸಿಎಸ್‌ಎಸ್‌ನಲ್ಲಿ (ಪೇಜಿನ ಬಣ್ಣ, ಜೋಡಣೆ ಹೇಳುವ ಭಾಷೆ) ನೆಸ್ಟಿಂಗ್, ಅಂದರೆ ಒಂದು ನಿಯಮದೊಳಗೆ ಇನ್ನೊಂದನ್ನು ಬರೆಯುವ ರೀತಿ, ಬಳಸಿದೆ. ಪತ್ರಿಕೆಗಳನ್ನು ವರ್ಷದ ಪ್ರಕಾರ ಗುಂಪು ಮಾಡಲು ಜಾವಾಸ್ಕ್ರಿಪ್ಟಿನ ಆಬ್ಜೆಕ್ಟ್ ಗ್ರೂಪ್‌ಬೈ ಬಳಸಿದೆ. ನನ್ನ ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಚೆನ್ನಾಗಿಯೇ ಬಂತು.

ಮೊನ್ನೆ ಒಂದು ಹೈಸ್ಕೂಲಿನ ಮೇಷ್ಟ್ರು ಫೋನ್ ಮಾಡಿದರು. "ಸಾರ್, ಲ್ಯಾಬಿನಲ್ಲಿ ನಿಮ್ಮ ಪೇಜು ತೆಗೆದರೆ ಮೇಲೆ ಹೆಸರು ಬಿಟ್ಟು ಬೇರೇನೂ ಕಾಣ್ತಿಲ್ಲ, ಹುಡುಗರು ಕಾಯ್ತಾ ಕೂತಿದ್ದಾರೆ" ಅಂದರು. ಹೋಗಿ ನೋಡಿದೆ. ಹನ್ನೆರಡು ಕಂಪ್ಯೂಟರು, ಎಲ್ಲವೂ ವಿಂಡೋಸ್ 7, ಎಲ್ಲದರಲ್ಲೂ ಕ್ರೋಮ್ 109. ಅದರ ಮೇಲೆ ಅಪ್‌ಡೇಟ್ ಆಗುವುದೇ ಇಲ್ಲ. ಪಟ್ಟಿ ಖಾಲಿ. ಡೌನ್‌ಲೋಡ್ ಬಟನ್‌ಗಳೂ ಇಲ್ಲ.

ನನ್ನ ಹಳೇ ಪೇಜು ಇದೇ ಕಂಪ್ಯೂಟರುಗಳಲ್ಲಿ ವರ್ಷಗಟ್ಟಲೆ ತೆರೆದಿತ್ತು. ಕೆಡಿಸಿದವನು ನಾನೇ ಅಂತ ತುಂಬಾ ಬೇಜಾರಾಯಿತು. ಈಗ ಏನು ಮಾಡಲಿ? ಹೊಸದನ್ನೆಲ್ಲ ಬಿಟ್ಟು ಹಳೇ ರೀತಿಗೆ ವಾಪಸ್ ಹೋಗಬೇಕಾ?

ರಾತ್ರಿಪಾಳಿ
ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ಕ್ರೋಮ್ 109 ಬಂದಿದ್ದು 2023ರ ಜನವರಿಯಲ್ಲಿ, ವಿಂಡೋಸ್ 7 ಮತ್ತು 8.1ಕ್ಕೆ ಅದೇ ಕೊನೆಯದು. ಅದರಲ್ಲಿ ಇಂಟರ್‌ನೆಟ್ಟಿಗೆ ಹೋಗುವುದೇ ಅಪಾಯ. ನೀವು ಅದಕ್ಕೆ ಹೊಂದಿಕೊಂಡು ಬರೆದಷ್ಟೂ ಅವರು ಅದರಲ್ಲೇ ಇರುತ್ತಾರೆ. "ನಿಮ್ಮ ಬ್ರೌಸರ್ ಹಳೆಯದು" ಅಂತ ಒಂದು ಸೂಚನೆ ಹಾಕಿ, ಮುಂದಕ್ಕೆ ಹೋಗಿ.

ಲ್ಯಾಬ್_ಮೇಷ್ಟ್ರು
ಸೂಚನೆ ಓದುವುದು ಯಾರು ಸಾರ್? ಹತ್ತನೇ ಕ್ಲಾಸಿನ ಹುಡುಗಿ. ಅವಳ ಕೈಯಲ್ಲಿ ಏನಿದೆ? ಕಂಪ್ಯೂಟರ್ ತರಿಸುವುದು ಅವಳೂ ಅಲ್ಲ, ನಾನೂ ಅಲ್ಲ. ನಮ್ಮ ಲ್ಯಾಬಿಗೆ ಮಶೀನುಗಳು ಬಂದಿದ್ದು ದಾನಿಗಳಿಂದ. ಬಂದ ದಿನವೇ ಅವು ಹಳೆಯವು. ಇದ್ದಿದ್ದರಲ್ಲಿ ಪಾಠ ನಡೆಯಬೇಕು ಅಷ್ಟೇ.

ಟ್ಯಾಗ್_ಮುಚ್ಚಿ
ಕಾಫಿತೋಟ ಅವರೇ, ಬೇಜಾರು ಮಾಡ್ಕೋಬೇಡಿ. ಹೊಸದನ್ನು ಬಿಡಬೇಕಾಗಿಲ್ಲ. ಆದರೆ ನಿಮಗೆ ಬಂದಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ.

ಪಟ್ಟಿ ಖಾಲಿಯಾಗಿದ್ದು ಗ್ರೂಪ್‌ಬೈನಿಂದ. ಅದು ಕ್ರೋಮ್‌ಗೆ ಬಂದಿದ್ದು 117ರಲ್ಲಿ. 109ಕ್ಕೆ ಆ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕರೆದ ತಕ್ಷಣ ಸ್ಕ್ರಿಪ್ಟು ಅಲ್ಲೇ ನಿಂತುಬಿಡುತ್ತದೆ. ಆಮೇಲಿನ ಸಾಲುಗಳು ಓಡುವುದೇ ಇಲ್ಲ. ನಿಮ್ಮ ಪಟ್ಟಿ ಪೂರ್ತಿ ಆ ಸ್ಕ್ರಿಪ್ಟಿನಿಂದಲೇ ಹುಟ್ಟುತ್ತಿದ್ದರೆ ಪಟ್ಟಿ ಇರುವುದಿಲ್ಲ.

ಬಟನ್ ಕಾಣೆಯಾಗಿದ್ದು ಟೈಲ್‌ವಿಂಡ್ 4ರಿಂದ ಇರಬೇಕು. ಅದಕ್ಕೆ ಕನಿಷ್ಠ ಕ್ರೋಮ್ 111, ಸಫಾರಿ 16.4, ಫೈರ್‌ಫಾಕ್ಸ್ 128 ಬೇಕು ಅಂತ ಅವರೇ ಬರೆದಿದ್ದಾರೆ. ನಿಮ್ಮ ಲ್ಯಾಬು ಬರೀ ಎರಡು ನಂಬರ್ ಹಿಂದೆ! ಅದರ ಬಣ್ಣಗಳೆಲ್ಲ ಓಕೆಎಲ್‌ಸಿಎಚ್ ಅನ್ನೋ ಹೊಸ ರೀತಿಯಲ್ಲಿ ಬರೆದಿವೆ. 109ಕ್ಕೆ ಅದು ಅರ್ಥವಾಗುವುದಿಲ್ಲ, ಹಾಗಾಗಿ ಬಟನ್ನಿನ ಹಿನ್ನೆಲೆ ಬಣ್ಣ ಬೀಳುವುದಿಲ್ಲ. ಆದರೆ ಬಟನ್ನಿನ ಅಕ್ಷರಕ್ಕೆ ಕೊಟ್ಟ ಬಿಳಿ ಬಣ್ಣ ಹಳೇ ರೀತಿಯದು, ಅದು ಬೀಳುತ್ತದೆ. ಬಿಳಿ ಪೇಜಿನ ಮೇಲೆ ಬಿಳಿ ಅಕ್ಷರ. ಬಟನ್ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತಿಲ್ಲ. ಅದರ ಮೇಲೆ ಮೌಸ್ ಒತ್ತಿ ನೋಡಿ, ಕೆಲಸ ಮಾಡಿದರೂ ಮಾಡೀತು.

ನೆಸ್ಟಿಂಗ್ ಕ್ರೋಮ್‌ಗೆ ಬಂದಿದ್ದು 112ರಲ್ಲಿ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಳೇ ಬ್ರೌಸರ್ ಒಳಗಿನ ಬ್ಲಾಕನ್ನು ಬಿಡುವುದು ಸರಿ, ಅದರ ಜೊತೆಗೆ ಆ ಬ್ಲಾಕಿನ ನಂತರ ಬರುವ ಮೊದಲ ಸಾಲನ್ನೂ ನುಂಗುತ್ತದೆ. ಮುಂದಿನ ಅರ್ಧವಿರಾಮ ಸಿಗುವವರೆಗೆ ಎಲ್ಲವನ್ನೂ ಒಂದೇ ತಪ್ಪು ಅಂತ ಎಣಿಸುತ್ತದೆ. ಅದಕ್ಕೇ ಸಂಬಂಧವೇ ಇಲ್ಲದ ಕಡೆ ಮಾರ್ಜಿನ್ ಹೋಗಿರುತ್ತದೆ, ನಾವು ದಿನವಿಡೀ ಹುಡುಕುತ್ತೇವೆ.

ಕಾಫಿತೋಟ
ಅಯ್ಯೋ, ಮಾರ್ಜಿನ್ ಹೋಗಿದ್ದು ನಿಜ! ಅರ್ಧ ದಿನ ಅದನ್ನೇ ಹುಡುಕಿದ್ದೆ. ತುಂಬಾ ಥ್ಯಾಂಕ್ಸ್.

ಸಂಜೆಟ್ರೈನು
ಇಷ್ಟೆಲ್ಲಾ ಯಾಕೆ, ಫೈರ್‌ಫಾಕ್ಸ್ ಹಾಕಿಬಿಡಿ. ವಿಂಡೋಸ್ 7ಕ್ಕೆ ಇನ್ನೂ ಸಿಗುತ್ತಲ್ಲಾ.

ಟ್ಯಾಗ್_ಮುಚ್ಚಿ
ಸಿಗುವುದು 115 ಇಎಸ್‌ಆರ್, ಅಂದರೆ ದೀರ್ಘಕಾಲ ಬೆಂಬಲ ಕೊಡುವ ಆವೃತ್ತಿ. ಮೊಜಿಲ್ಲಾದವರು ಅದರ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿದರು, ಅದಕ್ಕೆ ಅವರಿಗೆ ದೊಡ್ಡ ನಮಸ್ಕಾರ. ಸುರಕ್ಷತೆಯ ತಿದ್ದುಪಡಿ ಬರುತ್ತಿರುವವರೆಗೆ ಅದು ಕ್ರೋಮ್ 109ಕ್ಕಿಂತ ಎಷ್ಟೋ ಮೇಲು, ಹಾಕುವುದು ಒಳ್ಳೆಯದೇ. ಆದರೆ ಈ ಪೇಜಿನ ತೊಂದರೆ ಅದರಿಂದ ಹೋಗುವುದಿಲ್ಲ. ಫೈರ್‌ಫಾಕ್ಸಿಗೆ ನೆಸ್ಟಿಂಗ್ ಬಂದಿದ್ದು 117ರಲ್ಲಿ, ಗ್ರೂಪ್‌ಬೈ 119ರಲ್ಲಿ. ಇಎಸ್‌ಆರ್‌ಗೆ ಬರುವುದು ಭದ್ರತೆಯ ರಿಪೇರಿ ಮಾತ್ರ, ಹೊಸ ಸೌಲಭ್ಯ ಬರುವುದಿಲ್ಲ.

ಸಂಜೆಟ್ರೈನು
ಸರಿ, ನನಗೆ ಅದು ಗೊತ್ತಿರಲಿಲ್ಲ.

ರಾತ್ರಿಪಾಳಿ
ಮೇಷ್ಟ್ರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಮೈಕ್ರೋಸಾಫ್ಟಿನ ಹಳೇ ಬ್ರೌಸರ್ ಐಇ 6 (ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6) ಹೋಗಿದ್ದು ಹೇಗೆ? 2009ರಲ್ಲಿ ಯೂಟ್ಯೂಬ್ ಐಇ 6 ಬಳಸುವವರಿಗೆ ಬ್ರೌಸರ್ ಬದಲಿಸಿ ಅಂತ ಪಟ್ಟಿ ತೋರಿಸಿತು. 2011ರಲ್ಲಿ ಮೈಕ್ರೋಸಾಫ್ಟೇ ತನ್ನ ಐಇ 6 ಹೋಗಲಿ ಅಂತ ಕೌಂಟ್‌ಡೌನ್ ಪೇಜು ಇಟ್ಟಿತು. ಎಲ್ಲರೂ ಗಟ್ಟಿಯಾಗಿ ಹೇಳಿದ್ದಕ್ಕೆ ಅದು ಹೋಯಿತು. ಆ ಕಾಲದಲ್ಲಿ ನಾನು ಒಂದು ಕಂಪನಿಯಲ್ಲಿ ಪ್ರತಿ ಪೇಜನ್ನೂ ಎರಡೆರಡು ಸಲ ಬರೆಯುತ್ತಿದ್ದೆ. ವಾರದ ಕೆಲಸದಲ್ಲಿ ಎರಡು ದಿನ ಐಇಗೇ ಹೋಗುತ್ತಿತ್ತು. ಆ ಎರಡು ದಿನ ಯಾರೂ ವಾಪಸ್ ಕೊಡಲ್ಲ.

ಹಳೇಬೇರು
ಎರಡೂ ಒಂದೇ ಅಲ್ಲ ಗುರು. ಐಇ 6 ಇದ್ದ ವಿಂಡೋಸ್ ಎಕ್ಸ್‌ಪಿ ಮಶೀನಿನಲ್ಲೇ ಪುಕ್ಕಟೆಯಾಗಿ ಫೈರ್‌ಫಾಕ್ಸ್ ಹಾಕಬಹುದಿತ್ತು, ಕ್ರೋಮ್ ಹಾಕಬಹುದಿತ್ತು, ಐಇ 8 ಹಾಕಬಹುದಿತ್ತು. ಹತ್ತು ನಿಮಿಷದ ಕೆಲಸ. ಇಲ್ಲಿ ದಾರಿಯೇ ಮುಚ್ಚಿದೆ. ಹೊಸ ಕ್ರೋಮ್ ಬೇಕು ಅಂದರೆ ವಿಂಡೋಸ್ ಬದಲಾಗಬೇಕು, ವಿಂಡೋಸ್ ಬದಲಾಗಬೇಕು ಅಂದರೆ ಮಶೀನೇ ಬದಲಾಗಬೇಕು. "ಅಪ್‌ಡೇಟ್ ಮಾಡಿ" ಅಂದರೆ "ಮೂವತ್ತು ಸಾವಿರ ತನ್ನಿ" ಅಂದ ಹಾಗೆ.

ಆಗ ನಾವು ಪಟ್ಟ ಪಾಡಿನಿಂದ ಒಳ್ಳೆಯದೂ ಹುಟ್ಟಿತು ಅನ್ನೋದನ್ನು ಮರೀಬೇಡಿ. ಎಚ್‌ಟಿಎಂಎಲ್ 5ರ ಹೊಸ ಟ್ಯಾಗುಗಳಿಗೆ ಐಇ ಬಣ್ಣವನ್ನೇ ಹಚ್ಚುತ್ತಿರಲಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಒಂದು ಸಲ ಆ ಹೆಸರಿನ ಎಲಿಮೆಂಟ್ ಹುಟ್ಟಿಸಿದರೆ ಸಾಕು, ಆಮೇಲೆ ಒಪ್ಪಿಕೊಳ್ಳುತ್ತಿತ್ತು! ಆ ಉಪಾಯವೇ ಎಚ್‌ಟಿಎಂಎಲ್ 5 ಶಿವ್. 2009ರಲ್ಲಿ ಮಾಡರ್ನೈಸರ್ ಅನ್ನೋ ಸ್ಕ್ರಿಪ್ಟು ಬಂತು, ಬ್ರೌಸರಿನ ಹೆಸರು ಕೇಳಬೇಡಿ, ಅದಕ್ಕೆ ಏನು ಬರುತ್ತೆ ಅಂತ ಕೇಳಿ ಅನ್ನೋ ಪಾಠ ಅದರದು. ಹಳೇ ಬ್ರೌಸರಿಗೆ ಇಲ್ಲದ ಸೌಲಭ್ಯವನ್ನು ತುಂಬಿಕೊಡುವ ಸ್ಕ್ರಿಪ್ಟಿಗೆ ಪಾಲಿಫಿಲ್ ಅನ್ನೋ ಹೆಸರು ಕೊಟ್ಟ ರೆಮಿ ಶಾರ್ಪ್ ಬ್ರಿಟನ್ನಿನವರು. ಅಲ್ಲಿ ಗೋಡೆ ಬಿರುಕಿಗೆ ಹಚ್ಚುವ ಪುಟ್ಟಿಯ ಹೆಸರು ಪಾಲಿಫಿಲ್ಲಾ. ಬಿರುಕು ಮುಚ್ಚುವ ಪುಟ್ಟಿ, ಎಷ್ಟು ಸರಿಯಾದ ಹೆಸರು ಅಲ್ವಾ?

ಮಂಗಳೂರು_ಮಳೆ
ಹಳೇಬೇರು ಸಾರ್, ಐಇ ಅಂದಾಗ ನೆನಪಾಯಿತು. ಆಗ ಹಲವು ಕನ್ನಡ ತಾಣಗಳು ಐಇಯಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿದ್ದವು. ಫೈರ್‌ಫಾಕ್ಸಿನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಹಾಗೆ ಬರುತ್ತಿತ್ತು. ಅದು ಯಾಕೆ?

ಹಳೇಬೇರು
ಯೂನಿಕೋಡ್ ಅಲ್ಲದ ಫಾಂಟು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದರು. ಆ ಫಾಂಟನ್ನು ಪೇಜಿನ ಜೊತೆಗೇ ಇಒಟಿ ಅನ್ನೋ ರೂಪದಲ್ಲಿ ಕಳಿಸುತ್ತಿದ್ದರು. ಇಒಟಿ ಓದುತ್ತಿದ್ದದ್ದು ಐಇ ಮಾತ್ರ. ಬೇರೆ ಬ್ರೌಸರಿಗೆ ಫಾಂಟು ಸಿಗದೆ ಒಳಗಿನ ಇಂಗ್ಲಿಷ್ ಅಕ್ಷರವೇ ಹೊರಗೆ ಕಾಣುತ್ತಿತ್ತು. ಯೂನಿಕೋಡ್ ಕನ್ನಡಕ್ಕೆ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಇತ್ತು. ಆದರೆ ರೀಜನಲ್ ಸೆಟ್ಟಿಂಗಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಕಡೆ ಟಿಕ್ ಹಾಕಬೇಕಿತ್ತು, ಅದು ಎಕ್ಸ್‌ಪಿ ಸಿಡಿ ಕೇಳುತ್ತಿತ್ತು. ಸೈಬರ್ ಸೆಂಟರಿನಲ್ಲಿ ಸಿಡಿ ಯಾರ ಹತ್ತಿರ ಇರುತ್ತಿತ್ತು?

ಎಲ್ಲಾ ಬ್ರೌಸರ್ ಒಪ್ಪುವ ವಾಫ್ ಅನ್ನೋ ಫಾಂಟಿನ ರೂಪ ಬಂದು, ಯೂನಿಕೋಡ್ ಗಟ್ಟಿಯಾದ ಮೇಲೆಯೇ ಕನ್ನಡ ವೆಬ್ಬು ನೆಮ್ಮದಿಯಾಗಿದ್ದು. ಹಾಗಾಗಿ ಹೊಸ ಸ್ಟ್ಯಾಂಡರ್ಡುಗಳ ಮೇಲೆ ನನಗೆ ಕೋಪ ಇಲ್ಲ. ನಮ್ಮ ಭಾಷೆ ಪರದೆ ಮೇಲೆ ನೆಟ್ಟಗೆ ಕಾಣುತ್ತಿರುವುದೇ ಅವುಗಳಿಂದ.

ಬೀದರ್_ಕೋಟೆ
ನೋಕಿಯಾ ಫೋನಿನಲ್ಲಿ ಒಪೇರಾ ಮಿನಿ ನೆನಪಿದೆಯಾ? ಕನ್ನಡ ಎಲ್ಲಾ ಚೌಕ ಚೌಕ ಡಬ್ಬಿ. ಅಡ್ರೆಸ್ ಜಾಗದಲ್ಲಿ ಒಪೇರಾ ಕಾನ್ಫಿಗ್ ಅಂತ ಬರೆದು, ಒಳಗೆ ಕಾಂಪ್ಲೆಕ್ಸ್ ಸ್ಕ್ರಿಪ್ಟಿಗೆ ಬಿಟ್‌ಮ್ಯಾಪ್ ಫಾಂಟ್ ಅನ್ನೋದಕ್ಕೆ ಎಸ್ ಕೊಟ್ಟರೆ ಕನ್ನಡ ಮೂಡುತ್ತಿತ್ತು! ಹಾಸ್ಟೆಲಿನಲ್ಲಿ ಎಲ್ಲರ ಫೋನಿಗೂ ನಾನೇ ಮಾಡಿಕೊಟ್ಟಿದ್ದೆ.

ಮಂಗಳೂರು_ಮಳೆ
ಅದು ಹೇಗೆ ಆಗುತ್ತಿತ್ತು? ಫೋನಿನಲ್ಲಿ ಫಾಂಟೇ ಇರಲಿಲ್ಲವಲ್ಲಾ.

ಬೀದರ್_ಕೋಟೆ
ಒಪೇರಾ ಮಿನಿಯಲ್ಲಿ ಪೇಜು ತಯಾರಾಗುತ್ತಿದ್ದದ್ದು ಅವರ ಸರ್ವರಿನಲ್ಲಿ. ಅಲ್ಲೇ ಕನ್ನಡವನ್ನು ಚಿತ್ರವಾಗಿ ಬರೆದು ಫೋನಿಗೆ ಕಳಿಸುತ್ತಿದ್ದರು. ಡೇಟಾ ಸ್ವಲ್ಪ ಜಾಸ್ತಿ ಹೋಗುತ್ತಿತ್ತು, ಆದರೂ ಓದಲು ಸಿಗುತ್ತಿತ್ತು. ಆಂಡ್ರಾಯ್ಡಿಗೇ ಕನ್ನಡ ಬಂದಿದ್ದು 4.1ರಲ್ಲಿ, ಅಂದರೆ 2012ರಲ್ಲಿ.

ಅಡಿಕೆಮನೆ
ವಿಷಯಕ್ಕೆ ವಾಪಸ್ ಬರುತ್ತೇನೆ. ನಮ್ಮ ದೊಡ್ಡಮ್ಮನ ಹತ್ತಿರ ಜಿಯೋಫೋನ್ ಇದೆ, 2017ರಲ್ಲಿ ಬಂದಿತಲ್ಲಾ, ಬಟನ್ ಇರೋದು. ಅವರು ದಿನಾ ಮಧ್ಯಾಹ್ನ ಒಂದು ತಾಣದಲ್ಲಿ ಅಡಿಕೆ ರೇಟು ನೋಡುತ್ತಿದ್ದರು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಚಾಲಿ ಎಷ್ಟು ಅಂತ ದೊಡ್ಡಪ್ಪನಿಗೆ ಓದಿ ಹೇಳುವುದು ಅವರ ಕೆಲಸ. ಒಂದು ದಿನ ಆ ತಾಣ ಹೊಸದಾಯಿತು. ಅವತ್ತಿನಿಂದ ಜಿಯೋಫೋನಿನಲ್ಲಿ ಗಿರಗಿರ ತಿರುಗುವ ಚಕ್ರ ಮಾತ್ರ. ಚಕ್ರ ನಿಲ್ಲುವುದೇ ಇಲ್ಲ.

ಆ ಫೋನನ್ನು ನಡೆಸುವ ಕೈಓಎಸ್‌ ಒಳಗಿರುವುದು ಫೈರ್‌ಫಾಕ್ಸ್ 48ರ ಎಂಜಿನ್. ಪೇಜನ್ನು ಅಂಕಣಗಳಲ್ಲಿ ಜೋಡಿಸುವ ಸಿಎಸ್‌ಎಸ್ ಗ್ರಿಡ್ ಆಗಲಿ, ಜಾವಾಸ್ಕ್ರಿಪ್ಟಿನ ಅಸಿಂಕ್ ಫಂಕ್ಷನ್ ಆಗಲಿ ಫೈರ್‌ಫಾಕ್ಸಿಗೆ ಬಂದಿದ್ದು 52ರಲ್ಲಿ. ಅಂದರೆ ಈಗ ನಾವು ಸುಮ್ನೆ ಬರೆಯುವ ಸಾಮಾನ್ಯ ಸ್ಕ್ರಿಪ್ಟೂ ಅದಕ್ಕೆ ಓದಲು ಬರುವುದಿಲ್ಲ. ಗ್ರಿಡ್ ಇಲ್ಲದಿದ್ದರೆ ಪರವಾಗಿಲ್ಲ, ಒಂದರ ಕೆಳಗೆ ಒಂದು ಬರುತ್ತದೆ, ಓದಬಹುದು. ಸ್ಕ್ರಿಪ್ಟು ಸತ್ತರೆ ಏನೂ ಇಲ್ಲ.

ಐದು ಸಾಲಿನ ರೇಟಿನ ಪಟ್ಟಿ ಅದು. ಒಂದು ಟೇಬಲ್ ಟ್ಯಾಗು ಸಾಕಿತ್ತು. ದೊಡ್ಡಮ್ಮ ಈಗ ಪಕ್ಕದ ಮನೆ ಹುಡುಗನನ್ನು ಕೇಳುತ್ತಾರೆ. ಮೊದಲು ಅವರೇ ಓದಿ ಹೇಳುತ್ತಿದ್ದರು. ಅದು ನನಗೆ ತುಂಬಾ ನೋವು ಕೊಡುವ ವಿಷಯ.

ಟ್ಯಾಗ್_ಮುಚ್ಚಿ
ಇದೇ ನಾನು ಹೇಳಬೇಕು ಅಂತಿದ್ದದ್ದು. ಸಿಎಸ್‌ಎಸ್ ಕ್ಷಮಿಸುತ್ತದೆ, ಜಾವಾಸ್ಕ್ರಿಪ್ಟು ಕ್ಷಮಿಸುವುದಿಲ್ಲ. ಗೊತ್ತಿಲ್ಲದ ಸಾಲನ್ನು ಸಿಎಸ್‌ಎಸ್ ಬಿಟ್ಟು ಮುಂದೆ ಹೋಗುತ್ತದೆ. ಎತ್ತರ 100 ವಿಎಚ್ ಅಂತ ಹಳೇ ಅಳತೆಯಲ್ಲಿ ಮೊದಲು ಬರೆದು, ಕೆಳಗೆ 100 ಡಿವಿಎಚ್ ಅಂತ ಹೊಸ ಅಳತೆಯಲ್ಲಿ ಬರೆದರೆ ಹಳೇ ಬ್ರೌಸರ್ ಮೇಲಿನದ್ದನ್ನು ತಗೊಳ್ಳುತ್ತದೆ, ಹೊಸದು ಕೆಳಗಿನದ್ದನ್ನು. ಸ್ಕ್ರಿಪ್ಟಿನಲ್ಲಿ ಹಾಗಿಲ್ಲ. ಪ್ರಶ್ನಾರ್ಥಕ ಚುಕ್ಕಿ ಇದೆಯಲ್ಲಾ, ಆಪ್ಷನಲ್ ಚೈನಿಂಗ್, ಅದು ಕ್ರೋಮ್ 80ರಲ್ಲಿ ಬಂದಿದ್ದು. 79ರಲ್ಲಿ ಅದು ಫೈಲಿನ ಕೊನೇ ಸಾಲಿನಲ್ಲಿದ್ದರೂ ಸಾಕು, ಮೊದಲ ಸಾಲೂ ಓಡುವುದಿಲ್ಲ. ಓದುವಾಗಲೇ ಇಡೀ ಫೈಲು ತಿರಸ್ಕಾರ.

ಬೇ_ಏರಿಯಾ_ಕನ್ನಡಿಗ
ಸಿಎಸ್‌ಎಸ್ ಯಾವಾಗಲೂ ಕ್ಷಮಿಸುತ್ತದೆ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಎರಡು ಕಡೆ ಕೈ ಕೊಡುತ್ತದೆ.

ಮೊದಲನೆಯದು, ಕಾಮಾ ಹಾಕಿ ನಾಲ್ಕು ಸೆಲೆಕ್ಟರ್ (ನಿಯಮ ಯಾವುದಕ್ಕೆ ಅನ್ನೋ ಗುರುತು) ಬರೆದು ಅದರಲ್ಲಿ ಒಂದು ಹ್ಯಾಸ್ ಅನ್ನೋ ಹೊಸ ಸೆಲೆಕ್ಟರ್ ಇದ್ದರೆ, ಅದು ಗೊತ್ತಿಲ್ಲದ ಬ್ರೌಸರ್ ನಾಲ್ಕನ್ನೂ ಬಿಡುತ್ತದೆ. ಅದನ್ನು ಬೇರೆಯಾಗಿ ಬರೆಯಬೇಕು.

ಎರಡನೆಯದು ನನ್ನ ಮನೆಯದೇ ಕಥೆ. ಮೈಸೂರಿನಲ್ಲಿರುವ ಅಪ್ಪ ಅಮ್ಮನಿಗೆ ಹಿಂದೆ ಒಂದು ಐಪ್ಯಾಡ್ ಏರ್ ಕೊಡಿಸಿದ್ದೆ, ಮೊದಲನೇ ಮಾಡೆಲ್ಲು. ಅದು ಐಓಎಸ್ 12ಕ್ಕೆ ನಿಂತುಹೋಗಿದೆ. ಸಫಾರಿ ಐಓಎಸ್ ಜೊತೆಗೇ ಬರುವುದರಿಂದ ಅದೂ ನಿಂತಿತು. ಬೇರೆ ಬ್ರೌಸರ್ ಹಾಕಿದರೂ ಅದರಲ್ಲಿ ಒಳಗಿರುವುದು ಆಪಲ್‌ನ ಅದೇ ವೆಬ್‌ಕಿಟ್ ಎಂಜಿನ್. ಅಮ್ಮ ಒಂದು ತಾಣದಲ್ಲಿ ಟಿಕೆಟ್ ಬುಕ್ ಮಾಡಲು ಹೋಗಿ ಬಟನ್‌ಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ಎಲ್ಲಿ ಒತ್ತಬೇಕು ತಿಳೀತಿಲ್ಲ ಅಂತ ಫೋಟೋ ಕಳಿಸಿದರು. ಕಾರಣ ಫ್ಲೆಕ್ಸ್‌ಬಾಕ್ಸಿನ (ಸಾಲಾಗಿ ಜೋಡಿಸುವ ಸಿಎಸ್‌ಎಸ್ ರೀತಿ) ಗ್ಯಾಪ್, ಅಂದರೆ ನಡುವೆ ಜಾಗ ಬಿಡುವ ಸಾಲು. ಸಫಾರಿಗೆ ಅದು ಬಂದಿದ್ದು 14.1ರಲ್ಲಿ, 2021ರಲ್ಲಿ. ಇದು ಬರುತ್ತಾ ಅಂತ ಬ್ರೌಸರನ್ನೇ ಕೇಳುವ ಸಪೋರ್ಟ್ಸ್ ಹಾಕಿ ನೋಡೋಣ ಅಂದರೆ ಅದೂ ಆಗಲ್ಲ. ಗ್ರಿಡ್‌ನಲ್ಲಿ ಗ್ಯಾಪ್ ಬರುತ್ತಿದ್ದುದರಿಂದ "ಗ್ಯಾಪ್ ಬರುತ್ತಾ" ಅಂದರೆ "ಬರುತ್ತೆ" ಅನ್ನುತ್ತದೆ.

ಟ್ಯಾಗ್_ಮುಚ್ಚಿ
ಒಪ್ಪಿದೆ. ಇನ್ನೊಂದನ್ನು ನಾನೇ ಸೇರಿಸುತ್ತೇನೆ. ಹೊಸ ಬಣ್ಣವನ್ನು ವೇರಿಯಬಲ್ (ಹೆಸರು ಕೊಟ್ಟಿಟ್ಟ ಬೆಲೆ) ಒಳಗೆ ಇಟ್ಟರೆ ಮೇಲೆ ಬರೆದ ಹಳೇ ಬಣ್ಣಕ್ಕೆ ವಾಪಸ್ ಹೋಗುವುದಿಲ್ಲ. ಮೊದಲು ಸಾಲನ್ನು ಒಪ್ಪಿಕೊಂಡು, ಆಮೇಲೆ ಒಳಗೆ ನೋಡಿ ಅರ್ಥವಾಗದೆ ಖಾಲಿ ಬಿಡುತ್ತದೆ. ಕಾಫಿತೋಟ ಅವರ ಬಟನ್ನಿಗೆ ಆಗಿರುವುದು ಅದೇ.

ಸಂಜೆಟ್ರೈನು
ನಾವು ಆಫೀಸಿನಲ್ಲಿ ಬೇಸ್‌ಲೈನ್ ನೋಡುತ್ತೇವೆ, ಯಾವ ಸೌಲಭ್ಯ ಎಲ್ಲಾ ಮುಖ್ಯ ಬ್ರೌಸರಿಗೂ ಬಂದಿದೆ ಅಂತ ಹೇಳುವ ಗುರುತು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲದಕ್ಕೂ ಬಂದು 30 ತಿಂಗಳಾದರೆ ಧೈರ್ಯವಾಗಿ ಬಳಸಬಹುದು. ನೆಸ್ಟಿಂಗ್ 2023ರ ಡಿಸೆಂಬರಿನಲ್ಲಿ ಎಲ್ಲದಕ್ಕೂ ಬಂತು, ಹಾಗಾಗಿ 2026ರ ಜೂನಿಗೆ 30 ತಿಂಗಳು. ಇದಕ್ಕಿಂತ ಸ್ಪಷ್ಟ ಗೆರೆ ಎಲ್ಲಿದೆ?

ಹಳೇಬೇರು
ಗೆರೆ ಸ್ಪಷ್ಟವಾಗಿದೆ, ಆದರೆ ಅದು ಎಣಿಸುವುದು ಬ್ರೌಸರಿನ ವಯಸ್ಸನ್ನು, ಜನರ ಕೈಯಲ್ಲಿರುವ ಯಂತ್ರವನ್ನಲ್ಲ. 30 ತಿಂಗಳಲ್ಲ, 60 ತಿಂಗಳಾದರೂ ವಿಂಡೋಸ್ 7ರ ಕ್ರೋಮ್ 109 ಆಗಿಯೇ ಇರುತ್ತದೆ. ಕೈಓಎಸ್, ಒಪೇರಾ ಮಿನಿ ಆ ಲೆಕ್ಕದಲ್ಲೇ ಇಲ್ಲ. ಬೆಂಗಳೂರಿನ ಕಂಪನಿಯ ಡ್ಯಾಶ್‌ಬೋರ್ಡಿಗೆ ಬೇಸ್‌ಲೈನ್ ಸಾಕು. ತಾಲ್ಲೂಕಿನ ಶಾಲೆಗೆ ಅವರ ಬಾಗಿಲಲ್ಲಿ ನಿಂತು ನೋಡಬೇಕು, ಕಾಫಿತೋಟ ಮಾಡಿದ ಹಾಗೆ.

ರಾತ್ರಿಪಾಳಿ
ಅಡಿಕೆಮನೆ ಅವರು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಓದುವ ಪೇಜು ಎಲ್ಲರಿಗೂ ಸಿಗಲಿ. ಆದರೆ ಲಾಗಿನ್, ದುಡ್ಡು ಕಟ್ಟುವುದು, ಆಧಾರ್ ನಂಬರ್ ಕೇಳುವುದು ಇದ್ದರೆ ಹಳೇ ಬ್ರೌಸರನ್ನು ತಡೆಯಲೇಬೇಕು. ಅದರಲ್ಲಿ ನಾನು ಜಗ್ಗುವುದಿಲ್ಲ. ತೂತಿರುವ ಬ್ರೌಸರಿನಲ್ಲಿ ಪಾಸ್‌ವರ್ಡ್ ಹೋದರೆ ಹೋಗುವುದು ಬಡವರ ದುಡ್ಡೇ.

ಬೀದರ್_ಕೋಟೆ
ಕೆಲವೊಮ್ಮೆ ಪೇಜು ಬರೆದವರ ಕೈಯಲ್ಲೇ ಇರುವುದಿಲ್ಲ. ತಾಣಗಳಿಗೆ ಪುಕ್ಕಟೆ ಸುರಕ್ಷತೆಯ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆನಪಿದೆಯಾ? ಅವರ ಸರ್ಟಿಫಿಕೇಟ್ ನಿಂತಿದ್ದ ಹಳೇ ರೂಟು (ಮೂಲ ಸರ್ಟಿಫಿಕೇಟ್) 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅವರ ಹೊಸ ರೂಟನ್ನು 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್ ನಂಬುತ್ತಿರಲಿಲ್ಲ. ಏನೋ ಉಪಾಯ ಮಾಡಿ 2024ರವರೆಗೆ ತಳ್ಳಿದರು. ಈಗ ಆ ಫೋನುಗಳಲ್ಲಿ ಪೇಜು ತೆರೆಯುವ ಮೊದಲೇ ಎಚ್ಚರಿಕೆ ಬರುತ್ತದೆ. ಆದರೆ ಫೈರ್‌ಫಾಕ್ಸ್ ತನ್ನದೇ ಸರ್ಟಿಫಿಕೇಟ್ ಪಟ್ಟಿ ಇಟ್ಟುಕೊಂಡಿದೆ. ಹಳೇ ಫೋನಿಗೆ ಅದನ್ನು ಹಾಕಿಕೊಟ್ಟರೆ ತೆರೆಯುತ್ತಿತ್ತು, ನಾನು ಎಷ್ಟೋ ಜನಕ್ಕೆ ಹಾಕಿಕೊಟ್ಟಿದ್ದೇನೆ.

ಮಂಗಳೂರು_ಮಳೆ
ಗ್ರೂಪ್‌ಬೈಗೆ ಪಾಲಿಫಿಲ್ ಹಾಕಿದರೆ ಮುಗಿಯಿತಲ್ವಾ? ಪಾಲಿಫಿಲ್ ಡಾಟ್ ಐಓ ಅಂತ ಒಂದು ಸಾಲು ಸೇರಿಸಿದರೆ ಬ್ರೌಸರ್ ನೋಡಿ ಬೇಕಾದ್ದನ್ನೇ ಕಳಿಸುತ್ತೆ ಅಂತ ಎಲ್ಲೋ ಓದಿದ್ದೆ.

ರಾತ್ರಿಪಾಳಿ
ಬೇಡ ಬೇಡ! ದಯವಿಟ್ಟು ಅದನ್ನು ಹಾಕಬೇಡಿ. 2024ರ ಫೆಬ್ರವರಿಯಲ್ಲಿ ಆ ಡೊಮೇನು ಬೇರೊಂದು ಕಂಪನಿಯ ಕೈಗೆ ಹೋಯಿತು. ಜೂನಿನಲ್ಲಿ ನೋಡಿದರೆ ಅದರಿಂದ ಬರುವ ಸ್ಕ್ರಿಪ್ಟಿನಲ್ಲಿ ಕೆಟ್ಟ ಕೋಡು ಸೇರಿತ್ತು, ಮೊಬೈಲಿನಲ್ಲಿ ಬಂದವರನ್ನು ಬೇರೆ ತಾಣಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ಆ ಸಾಲು ಇತ್ತು. ಹಳೇ ಟ್ಯುಟೋರಿಯಲ್‌ಗಳಲ್ಲಿ ಅದು ಇನ್ನೂ ಉಳಿದಿದೆ, ನೋಡಿದ ಕೂಡಲೇ ತೆಗೆಯಿರಿ. ಪಾಲಿಫಿಲ್ ಬೇಕಾದರೆ ಕೋರ್-ಜೆಎಸ್ ಅನ್ನೋ ಪಾಲಿಫಿಲ್ ಸಂಗ್ರಹ ತಗೊಂಡು ನಿಮ್ಮ ಫೈಲಿನ ಜೊತೆಗೇ ಕಟ್ಟಿ ಕಳಿಸಿ. ಬೇರೆಯವರ ಮನೆಯಿಂದ ಸ್ಕ್ರಿಪ್ಟು ತರಬೇಡಿ.

ಮಂಗಳೂರು_ಮಳೆ
ಈಗಲೇ ನನ್ನ ಎರಡು ಪ್ರಾಜೆಕ್ಟಿನಲ್ಲಿ ಹುಡುಕಿದೆ. ಒಂದರಲ್ಲಿ ಇತ್ತು. ತೆಗೆದೆ.

ಟ್ಯಾಗ್_ಮುಚ್ಚಿ
ಕಾಫಿತೋಟ ಅವರೇ, ನಿಮಗೆ ಪಾಲಿಫಿಲ್ಲೂ ಬೇಕಾಗಿಲ್ಲ. ಪ್ರಶ್ನೆಪತ್ರಿಕೆ ವರ್ಷಕ್ಕೆ ಒಂದೆರಡು ಸಲ ಸೇರುತ್ತದೆ. ಗುಂಪು ಮಾಡುವ ಕೆಲಸ ನಿಮ್ಮ ಲ್ಯಾಪ್‌ಟಾಪಿನಲ್ಲೇ, ಪೇಜು ತಯಾರಿಸುವಾಗಲೇ (ಬಿಲ್ಡ್) ಆಗಲಿ. ಪಟ್ಟಿ ಸಾದಾ ಎಚ್‌ಟಿಎಂಎಲ್ ಆಗಿ ಹೋಗಲಿ, ಡೌನ್‌ಲೋಡ್ ಸಾದಾ ಲಿಂಕ್ ಆಗಲಿ. ಹುಡುಕುವ ಡಬ್ಬಿಗೆ ಮಾತ್ರ ಸ್ಕ್ರಿಪ್ಟು ಇಡಿ, ಅದು ಓಡದಿದ್ದರೂ ಪಟ್ಟಿ ಇರುತ್ತದೆ. ನೆಸ್ಟಿಂಗ್ ಬರೆಯುವುದನ್ನು ಬಿಡಬೇಡಿ, ಲೈಟ್ನಿಂಗ್ ಸಿಎಸ್‌ಎಸ್ ಅನ್ನೋ ಸಾಧನಕ್ಕೆ ಕ್ರೋಮ್ 109 ಗುರಿ ಅಂತ ಹೇಳಿದರೆ ಅದನ್ನು ಹಳೇ ರೀತಿಗೆ ಬಿಡಿಸಿ ಕೊಡುತ್ತದೆ. ಟೈಲ್‌ವಿಂಡ್ ಮಾತ್ರ 3.4ಕ್ಕೆ ಇಳಿಸಿ. ಹಳೇ ಬ್ರೌಸರ್ ಬೇಕಾದವರು ಅದರಲ್ಲೇ ಇರಿ ಅಂತ ಅವರೇ ಹೇಳಿದ್ದಾರೆ.

ಕರಿಮಣ್ಣು
ನನ್ನದೊಂದು ಬೇರೆ ಮಾತು. ಆ ಲ್ಯಾಬಿಗೆ ಲಿನಕ್ಸ್ ಯಾಕೆ ಹಾಕಬಾರದು? ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಅದೇ ಇದೆ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗೆ ಅಂತಲೇ ಒಂದು ಲಿನಕ್ಸ್ ತಯಾರಿಸಿ ಕೊಡುತ್ತದೆ. ಹಳೇ ಮಶೀನಿಗೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೆ ಇವತ್ತಿನ ಫೈರ್‌ಫಾಕ್ಸೇ ಸಿಗುತ್ತದೆ.

ಲ್ಯಾಬ್_ಮೇಷ್ಟ್ರು
ಆಸೆ ಇದೆ ಸಾರ್. ಆದರೆ ಪ್ರಿಂಟರ್ ನಡೆಯುತ್ತಾ, ನುಡಿಯಲ್ಲಿ ಟೈಪ್ ಮಾಡಿದ ನಮ್ಮ ಹಳೇ ಫೈಲುಗಳು ತೆರೆಯುತ್ತಾ ಅನ್ನೋ ಭಯ. ಕೆಟ್ಟರೆ ಸರಿ ಮಾಡಲು ಊರಿನಲ್ಲಿ ಯಾರೂ ಇಲ್ಲ.

ಕರಿಮಣ್ಣು
ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು ಮೇಷ್ಟ್ರೇ. ಒಳಗಿನ ವಿಂಡೋಸ್ ಮುಟ್ಟುವ ಹಾಗೇ ಇಲ್ಲ. ಪ್ರಿಂಟರ್ ಬಂದರೆ ಮುಂದೆ ಯೋಚನೆ ಮಾಡಿ. ಮಶೀನಿನಲ್ಲಿ ರ್‍ಯಾಮ್ ಎಷ್ಟಿದೆ?

ಲ್ಯಾಬ್_ಮೇಷ್ಟ್ರು
ಎಂಟರಲ್ಲಿ 2 ಜಿಬಿ, ನಾಲ್ಕರಲ್ಲಿ 4 ಜಿಬಿ.

ಕರಿಮಣ್ಣು
4 ಜಿಬಿ ಇರುವುದರಲ್ಲಿ ಮೊದಲು ನೋಡಿ. 2 ಜಿಬಿಯಲ್ಲಿ ಓಡುತ್ತದೆ, ಆದರೆ ಎರಡು ಮೂರು ಟ್ಯಾಬಿಗೇ ಏದುಸಿರು.

ಕಾಫಿತೋಟ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ರಾತ್ರಿ ಕೂತು ಮಾಡಿದೆ. 214 ಪತ್ರಿಕೆಗಳ ಪಟ್ಟಿ ಈಗ ಪೂರ್ತಿ ಸಾದಾ ಎಚ್‌ಟಿಎಂಎಲ್. ಬಣ್ಣಗಳನ್ನು ಹಳೇ ರೀತಿಗೆ ತಂದೆ. ಇವತ್ತು ಲ್ಯಾಬಿಗೆ ಹೋಗಿ ಹನ್ನೆರಡರಲ್ಲೂ ತೆಗೆದು ನೋಡಿದೆ, ಹನ್ನೆರಡರಲ್ಲೂ ಬಂತು. ಹಿಂದಿನದಕ್ಕಿಂತ ಬೇಗ ಕೂಡ ತೆರೆಯುತ್ತಿದೆ. ಅಡಿಕೆಮನೆ ಅವರೇ, ನಿಮ್ಮ ದೊಡ್ಡಮ್ಮನ ಜಿಯೋಫೋನಿನಲ್ಲಿ ಒಂದು ಸಲ ನನ್ನ ಪೇಜು ತೆಗೆದು ನೋಡ್ತೀರಾ? ನನ್ನ ಹತ್ತಿರ ಆ ಫೋನ್ ಇಲ್ಲ.

ಅಡಿಕೆಮನೆ
ನೋಡಿದೆ. ಪಟ್ಟಿ ಬಂತು, ಅಕ್ಷರ ಸ್ಪಷ್ಟವಾಗಿದೆ. ಹುಡುಕುವ ಡಬ್ಬಿ ಕೆಲಸ ಮಾಡಲ್ಲ, ಆದರೆ ಕೆಳಗೆ ಇಳಿಸಿಕೊಂಡು ಹೋಗಬಹುದು. ಒಂದು ಕೋರಿಕೆ. ಮೇಲಿನಿಂದ ಕೆಳಗೆ ಬಟನ್ ಒತ್ತಿ ಒತ್ತಿ ಕೈ ನೋಯುತ್ತೆ. ಶುರುವಿನಲ್ಲೇ ಗಣಿತ, ವಿಜ್ಞಾನ, ಸಮಾಜ ಅಂತ ಆಯಾ ಜಾಗಕ್ಕೆ ನೆಗೆಯುವ ಲಿಂಕ್ ಕೊಡಿ.

ಕಾಫಿತೋಟ
ಇವತ್ತು ರಾತ್ರಿಯೇ ಸೇರಿಸುತ್ತೇನೆ. ಮೇಷ್ಟ್ರೇ, ಕರಿಮಣ್ಣು ಅವರು ಹೇಳಿದ ಮಿಂಟನ್ನು ಒಂದು ಪೆನ್‌ಡ್ರೈವಿಗೆ ಹಾಕಿದ್ದೇನೆ. ನಿಮ್ಮ ಶಾಲೆ ನನಗೆ ಹತ್ತಿರವೇ. ಸೋಮವಾರ ತರಲಾ? ಪ್ರಿಂಟರನ್ನೂ ಜೊತೆಗೇ ನೋಡಿಬಿಡೋಣ.

ಲ್ಯಾಬ್_ಮೇಷ್ಟ್ರು
ಬನ್ನಿ ಸಾರ್. ಮೂರನೇ ಪೀರಿಯಡ್ ಲ್ಯಾಬು ಖಾಲಿ ಇರುತ್ತದೆ. ಬರುವಾಗ ಯುಎಸ್‌ಬಿ ಕೇಬಲ್ ಒಂದು ತನ್ನಿ, ನಮ್ಮ ಪ್ರಿಂಟರಿನದ್ದು ಸಡಿಲವಾಗಿದೆ.